ಅರಸನದೇ ಊರು, ಸೇನೆಯ ಅಂಕೆ: ನ್ಯೂಯಾರ್ಕ್, 1776–1783



ಅಮೆರಿಕದ ಕ್ರಾಂತಿಯುದ್ಧವನ್ನು ನಾವು ಓದುವುದು ಹೆಚ್ಚಾಗಿ ಗೆದ್ದವರ ಊರುಗಳಲ್ಲಿ ನಿಂತು. ಬಾಸ್ಟನ್ ಬಂದರಿನಲ್ಲಿ ಚಹಾ ಚೆಲ್ಲಿದ್ದು, ಫಿಲಡೆಲ್ಫಿಯಾದಲ್ಲಿ ಸ್ವಾತಂತ್ರ್ಯ ಘೋಷಿಸಿದ್ದು, ಯಾರ್ಕ್‌ಟೌನಿನಲ್ಲಿ ಬ್ರಿಟಿಷರು ಶರಣಾದದ್ದು ಶಾಲೆಯ ಪುಸ್ತಕದಲ್ಲೇ ಬರುತ್ತವೆ. ಎಂಟು ವರ್ಷದ ಯುದ್ಧದಲ್ಲಿ ಏಳು ವರ್ಷ ಬ್ರಿಟಿಷ್ ದಂಡಿನ ಕೈಯಲ್ಲೇ ಇದ್ದ ನ್ಯೂಯಾರ್ಕಿಗೆ ಆ ಕಥೆಯಲ್ಲಿ ಅಷ್ಟು ಜಾಗ ಸಿಕ್ಕಿಲ್ಲ. 1776ರ ಸೆಪ್ಟೆಂಬರಿನಿಂದ 1783ರ ನವೆಂಬರಿನವರೆಗೆ ಅಲ್ಲಿ ನಡೆದದ್ದು ಪಾರ್ಲಿಮೆಂಟಿನ ಕಾನೂನೂ ಅಲ್ಲ, ಕಾಂಗ್ರೆಸ್ಸಿನ ಕಾನೂನೂ ಅಲ್ಲ, ಸೇನಾಪತಿಯ ಆಜ್ಞೆ. ಇಂದಿನ ಉಪನ್ಯಾಸದ ವಿಷಯ ಆ ಏಳು ವರ್ಷಗಳು. ಕದನಗಳ ವರ್ಣನೆಗೆ ನಾನು ಕೈಹಾಕುವುದಿಲ್ಲ. ತನ್ನದೇ ಎಂದು ಸಾರಿದ ಊರನ್ನು ಸೇನೆಯೊಂದು ಪರರ ಊರಿನಂತೆ ಆಳತೊಡಗಿದರೆ ಆ ಊರಿಗೂ ಆ ಸೇನೆಗೂ ಏನಾಗುತ್ತದೆ ಎಂಬುದಷ್ಟೇ ನನ್ನ ವಿಚಾರ.

ಮೊದಲು ಕಾನೂನಿನ ಸಂಗತಿ. ಲಂಡನ್ನಿನ ಸರ್ಕಾರ ಅಮೆರಿಕದ ಹೋರಾಟವನ್ನು ದಂಗೆ ಎಂದು ಪರಿಗಣಿಸಿತ್ತು. ದಂಗೆ ಎಂದ ಮೇಲೆ ನೆಲ ಅರಸನದು, ಜನ ಅರಸನ ಪ್ರಜೆಗಳು. ದಂಗೆಕೋರರನ್ನು ಓಡಿಸಿದ ಮರುದಿನವೇ ಊರಿನ ನ್ಯಾಯಾಲಯಗಳ ಬಾಗಿಲು ತೆರೆಯಬೇಕು. ಆದರೆ 1775ರ ಡಿಸೆಂಬರಿನಲ್ಲಿ ಅದೇ ಸರ್ಕಾರ ಪಾರ್ಲಿಮೆಂಟಿನಲ್ಲಿ ನಿಷೇಧ ಶಾಸನವೊಂದನ್ನು ತಂದು, ದಂಗೆಯೆದ್ದ ವಸಾಹತುಗಳ ವ್ಯಾಪಾರವನ್ನೆಲ್ಲ ತಡೆದು, ಅವುಗಳ ಹಡಗುಗಳನ್ನು ಬಹಿರಂಗ ಶತ್ರುಗಳ ಹಡಗಿನಂತೆ ಹಿಡಿಯಬಹುದೆಂದು ಸಾರಿತ್ತು. ಇಲ್ಲಿ ದಂಗೆಕೋರ, ನಿಷ್ಠ ಎಂಬ ಭೇದವಿರಲಿಲ್ಲ. ರಾಜಿಯ ಅಧಿಕಾರ ಹೊತ್ತು ಬಂದ ಅಡ್ಮಿರಲ್ ಹೌ ಮತ್ತು ಜನರಲ್ ವಿಲಿಯಂ ಹೌ ಸೋದರರು ಕ್ಷಮಾದಾನ ಕೊಡಬಹುದಿತ್ತು. ಶರಣಾದ ಪ್ರದೇಶ ‘ಅರಸನ ಶಾಂತಿ’ಗೆ ಮರಳಿದೆ ಎಂದು ಘೋಷಿಸಬಹುದಿತ್ತು. ಆ ಘೋಷಣೆ ಹೊರಡುವತನಕ ನ್ಯೂಯಾರ್ಕ್ ತವರೂ ಅಲ್ಲದ ಶತ್ರುವೂ ಅಲ್ಲದ ಒಂದು ನಡುಸ್ಥಿತಿಯಲ್ಲಿ ಇರಬೇಕಾಯಿತು. ಘೋಷಣೆ ಹೊರಡಲೇ ಇಲ್ಲ.

ಘಟನೆಗಳನ್ನು ಚುಟುಕಾಗಿ ಹೇಳುತ್ತೇನೆ. 1776ರ ಮಾರ್ಚಿನಲ್ಲಿ ಬಾಸ್ಟನ್ ತೆರವು ಮಾಡಿದ ಬ್ರಿಟಿಷರು ಜುಲೈ ಮೊದಲಲ್ಲಿ ಸ್ಟೇಟನ್ ದ್ವೀಪಕ್ಕಿಳಿದರು. ಆಗಸ್ಟಿನ ಹೊತ್ತಿಗೆ ಜರ್ಮನ್ ಬಾಡಿಗೆ ಪಡೆಗಳೂ ಕೂಡಿ ಅಲ್ಲಿ ಸುಮಾರು 32,000 ಸೈನಿಕರಿದ್ದರು. ಊರಿನ ಜನಸಂಖ್ಯೆಯೇ ಸುಮಾರು 25,000. ಆಗಸ್ಟ್ 27ರ ಲಾಂಗ್ ಐಲೆಂಡ್ ಕದನದಲ್ಲಿ ವಾಷಿಂಗ್ಟನ್ ಸೋತರು. ಬಿಟ್ಟುಹೋಗುವ ಮೊದಲು ಊರನ್ನು ಸುಟ್ಟುಬಿಡೋಣ ಎಂದು ಜನರಲ್ ಗ್ರೀನ್ ಸಲಹೆ ಕೊಟ್ಟರು, ಕಾಂಗ್ರೆಸ್ ಒಪ್ಪಲಿಲ್ಲ. ಸೆಪ್ಟೆಂಬರ್ 15ರಂದು ಬ್ರಿಟಿಷರು ಊರು ಹೊಕ್ಕರು. ಆರನೆಯ ದಿನದ ನಡುರಾತ್ರಿ ಎದ್ದ ಬೆಂಕಿ ಬೆಳಗಾಗುವಷ್ಟರಲ್ಲಿ ಟ್ರಿನಿಟಿ ಚರ್ಚನ್ನೂ 500ರಷ್ಟು ಮನೆಗಳನ್ನೂ ನುಂಗಿತು. ಹಚ್ಚಿದವರು ಯಾರು ಎಂಬುದು ಇಂದಿಗೂ ಇತ್ಯರ್ಥವಾಗಿಲ್ಲ. ಊರು ಬಿಡುವ ವರ್ಷದಲ್ಲಿ ಬ್ರಿಟಿಷ್ ದಂಡನಾಯಕ ಗೈ ಕಾರ್ಲ್‌ಟನ್ ಅದಕ್ಕಾಗಿಯೇ ವಿಚಾರಣಾ ಮಂಡಳಿ ನೇಮಿಸಿದರೂ ಅದು ಯಾರ ಮೇಲೂ ಬೆರಳು ತೋರಿಸಲಾರದೆ ಹೋಯಿತು. ಆದರೆ ಬೆಂಕಿಯ ಒಂದು ಫಲ ಖಚಿತ. ಸೇನೆಗೆ ಬೇಕಾದ ಬಿಡಾರಗಳೂ ರಾಜನಿಷ್ಠರಿಗೆ ಬೇಕಾದ ಮನೆಗಳೂ ಒಟ್ಟಿಗೇ ಬೂದಿಯಾದವು. ಮುಂದಿನ ಏಳು ವರ್ಷದ ಜಗಳಗಳ ಬುಡ ಅಲ್ಲಿದೆ.

ಕದನದ ಹೊತ್ತಿಗೆ ಊರಲ್ಲಿ 5,000 ಜನವೂ ಉಳಿದಿದ್ದರೋ ಇಲ್ಲವೋ. ದಂಗೆಯ ಪರವಿದ್ದವರು ಮನೆಗಳಿಗೆ ಬೀಗ ಹಾಕಿ ಹಳ್ಳಿಗಳತ್ತ ಹೋಗಿದ್ದರು. ಈಗ ಎದುರು ದಿಕ್ಕಿನಿಂದ ಜನ ಬರತೊಡಗಿದರು. ಕನೆಕ್ಟಿಕಟ್‌ನಿಂದ, ನ್ಯೂಜೆರ್ಸಿಯಿಂದ, ಹಡ್ಸನ್ ಕಣಿವೆಯಿಂದ, ಕ್ರಾಂತಿ ಸಮಿತಿಗಳ ಕಾಟ ತಾಳಲಾರದೆ ಬಂದ ರಾಜನಿಷ್ಠರು ಅವರು. ಆಸ್ತಿ ಕಳೆದುಕೊಂಡಿದ್ದರು, ಕೆಲವರು ಮೈಗೆ ಡಾಂಬರು ಬಳಿಸಿಕೊಂಡು ಬಂದಿದ್ದರು. ಯುದ್ಧ ಮುಗಿಯುವ ಹೊತ್ತಿಗೆ ಊರಿನ ಜನಸಂಖ್ಯೆ 30,000 ದಾಟಿತ್ತು. ಇವರೆಲ್ಲ ಅರಸನ ಬಾವುಟದ ಕೆಳಗೆ ಬಂದದ್ದು ಅರಸನ ಕಾನೂನು ಸಿಗುತ್ತದೆ ಎಂಬ ನಂಬಿಕೆಯಿಂದ. 1776ರ ಅಕ್ಟೋಬರಿನಲ್ಲಿಯೇ 900ಕ್ಕೂ ಮಿಕ್ಕಿದ ನಿವಾಸಿಗಳು ಹೌ ಸೋದರರಿಗೆ ಮನವಿ ಸಲ್ಲಿಸಿ, ತಮ್ಮನ್ನು ಮತ್ತೆ ಅರಸನ ಶಾಂತಿ, ರಕ್ಷಣೆಗಳೊಳಗೆ ಸೇರಿಸಿಕೊಳ್ಳಬೇಕೆಂದು ಕೇಳಿಕೊಂಡರು. ನವೆಂಬರಿನಲ್ಲಿ ಇನ್ನೊಂದು ಅರ್ಜಿಗೆ 500ಕ್ಕೂ ಹೆಚ್ಚು ಮಂದಿ ಸಹಿ ಹಾಕಿದರು. ಅವರು ಕೇಳಿದ್ದು ವಿಶೇಷ ಸವಲತ್ತನ್ನಲ್ಲ; ಇಂಗ್ಲಿಷ್ ಪ್ರಜೆಯೊಬ್ಬನಿಗೆ ಹುಟ್ಟಿನಿಂದ ಬಂದ ಹಕ್ಕನ್ನು.

ಉತ್ತರ ಸಿಕ್ಕಿದ್ದು ಬೇರೆ ಬಗೆಯಲ್ಲಿ. ನ್ಯಾಯಾಲಯಗಳು ತೆರೆಯಲಿಲ್ಲ, ಪ್ರಾಂತ ಸಭೆ ಸೇರಲಿಲ್ಲ. ಮೇಯರ್ ಇದ್ದರು, ಡೇವಿಡ್ ಮ್ಯಾಥ್ಯೂಸ್. ಕೈಯಲ್ಲಿ ಹೇಳಿಕೊಳ್ಳುವಂಥ ಅಧಿಕಾರವಿರಲಿಲ್ಲ. ಮೇಜರ್ ಜನರಲ್ ಜೇಮ್ಸ್ ರಾಬರ್ಟ್‌ಸನ್ ಊರಿನ ಕಮಾಂಡೆಂಟ್ ಆದರು. ಅನಂತರ ಆಂಡ್ರ್ಯೂ ಎಲಿಯಟ್ ಅವರ ಕೈಕೆಳಗೆ ಒಂದು ಪೊಲೀಸ್ ಕಚೇರಿ ಬಂತು. ಅದು ಸಣ್ಣಪುಟ್ಟ ವ್ಯಾಜ್ಯ ನೋಡುತ್ತಿತ್ತು, ಆದರೆ ಜ್ಯೂರಿಯಿಲ್ಲದೆ. 1780ರಲ್ಲಿ ಅದೇ ರಾಬರ್ಟ್‌ಸನ್ ನಾಗರಿಕ ಗವರ್ನರ್ ಎಂಬ ಪದವಿ ಹೊತ್ತು ಮರಳಿದಾಗ ಊರು ಸಂಭ್ರಮಪಟ್ಟಿತು. ಅವರೂ ಸೇನಾಡಳಿತ ತೆಗೆಯಲಿಲ್ಲ. ಮುತ್ತಿಗೆಯ ಭಯದಲ್ಲಿರುವ ಠಾಣ್ಯದಲ್ಲಿ ಎರಡು ಅಧಿಕಾರ ಇರಬಾರದು ಎಂಬುದು ಸೇನೆಯ ವಾದ. ಕೇಳಿದೊಡನೆ ಸರಿಯೆನ್ನಿಸುವ ವಾದವೇ. ಆದರೆ ಏಳು ವರ್ಷದ ದಾಖಲೆಗಳನ್ನು ನೋಡಿದಾಗ ಮುತ್ತಿಗೆಯ ಭಯಕ್ಕಿಂತ ಹಣದ ಅನುಕೂಲವೇ ಈ ವ್ಯವಸ್ಥೆಯನ್ನು ಹೆಚ್ಚು ಕಾಲ ಬದುಕಿಸಿತು ಎಂದು ನನಗೆ ತೋರುತ್ತದೆ. ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ಮನೆಗಳ ಮಾತು ತೆಗೆದುಕೊಳ್ಳಿ. ಓಡಿಹೋದವರ ಮನೆಗಳ ಬಾಗಿಲಿಗೆ ಅರಸ ಜಾರ್ಜನ ಹೆಸರಿನ ಮೊದಲಕ್ಷರಗಳನ್ನು ಬರೆದು ಬ್ಯಾರಕ್ ಇಲಾಖೆ ವಶಪಡಿಸಿಕೊಂಡಿತು. ಗುರುತು ಹಾಕುವವರಿಗೆ ಊರು ಹೊಸದು. ನಿಷ್ಠನ ಮನೆಯೂ ದಂಗೆಕೋರನ ಮನೆಯೂ ಒಂದೇ ಪಟ್ಟಿಯಲ್ಲಿ ಸೇರಿದವು. ಹಾಗೆ ಮನೆ ಕಳೆದುಕೊಂಡ ನಿಷ್ಠ ದೂರು ಕೊಡಬೇಕಾದದ್ದು ಯಾರಿಗೆ? ಮನೆ ಕಿತ್ತುಕೊಂಡ ಇಲಾಖೆಗೇ. ನ್ಯಾಯಾಲಯವಿಲ್ಲದ ಊರಿನಲ್ಲಿ ಆಸ್ತಿಯ ಹಕ್ಕೆಂದರೆ ಅಧಿಕಾರಿಯೊಬ್ಬನ ದಯೆ. ಬಾಡಿಗೆಗಳು ನಾಲ್ಕು ಪಟ್ಟು ಏರಿದವು. ಬಾಡಿಗೆ ಕೊಡಲಾರದವರು ಸುಟ್ಟ ಬೀದಿಗಳ ಮೋಟುಗೋಡೆಗಳ ಮೇಲೆ ಹಡಗಿನ ಹಳೆಯ ಹಾಯಿಬಟ್ಟೆ ಎಳೆದು ಬದುಕಿದರು. ಆ ಕೇರಿಗೆ ‘ಕ್ಯಾನ್ವಾಸ್ ಟೌನ್’ ಎಂದೇ ಹೆಸರಾಯಿತು. ಬಡವರ ನಿರ್ವಹಣೆಗೆಂದು ಸೇನೆ ನೇಮಿಸಿದ ‘ವೆಸ್ಟ್ರಿ’ ಎಂಬ ಸಮಿತಿಯೊಂದಿತ್ತು. ವಶಪಡಿಸಿಕೊಂಡ ಮನೆಗಳ ಬಾಡಿಗೆ, ಹೆಂಡದಂಗಡಿ ಪರವಾನಗಿಯ ಹಣ, ಇವೇ ಅದರ ಆದಾಯ. ಸಮಿತಿ ಒಳ್ಳೆಯ ಕೆಲಸವನ್ನೂ ಮಾಡಿತು: ಬಡವರಿಗೆ ಆಹಾರ, ಬೀದಿಗೆ ದೀಪ, ಬಾವಿಗಳ ದುರಸ್ತಿ. ಈ ಬಾಡಿಗೆ ಹಣದ ವಿಚಾರ ತಮ್ಮ ನೆನಪಿನಲ್ಲಿರಲಿ, ಕೊನೆಯಲ್ಲಿ ಬೇಕಾಗುತ್ತದೆ.

ಸೌದೆಯದು ಇನ್ನೂ ಕಠಿಣ. ಊರಿನ ಸುತ್ತಲ ಮರಗಳು, ತೋಟದ ಬೇಲಿಗಳು, ಹಳೆಯ ಹಡಗುಗಳ ಹಲಗೆಗಳು ಒಂದೊಂದಾಗಿ ಒಲೆಗೆ ಹೋದವು. 1779–80ರ ಚಳಿಗಾಲದಲ್ಲಿ ಬಂದರೇ ಹೆಪ್ಪುಗಟ್ಟಿತು. ದಂಡಿನವರು ಊರಿನಿಂದ ಸ್ಟೇಟನ್ ದ್ವೀಪಕ್ಕೆ ಮಂಜುಗಡ್ಡೆಯ ಮೇಲೆಯೇ ಫಿರಂಗಿಗಳನ್ನು ಎಳೆದೊಯ್ದರು. ದೋಣಿ ನಿಂತಿತು, ಸೌದೆ ನಿಂತಿತು. ಊರಿಗೆ ಕೋಟೆಯಂತಿದ್ದ ನೀರೇ ರಸ್ತೆಯಾದ್ದರಿಂದ ದಾಳಿಯ ಭಯವೂ ಸೇರಿತು. ಆಗ ಸೇನೆ ಸೌದೆಗೆ ದರ ನಿಗದಿ ಮಾಡಿತು, ಲಾಂಗ್ ಐಲೆಂಡಿನ ರೈತರ ಕಾಡುಗಳಿಗೆ ಕೊಡಲಿ ಕಳಿಸಿತು. ಆ ರೈತರಲ್ಲಿ ಬಹುಮಂದಿ ಅರಸನ ಪರ ಇದ್ದವರು. ಕೊಟ್ಟಿಗೆ, ಹುಲ್ಲು, ಎತ್ತು, ಗಾಡಿ, ಕೊನೆಗೆ ಸಮಾಧಿಕಲ್ಲಿನವರೆಗೆ ಒಂದೊಂದನ್ನೇ ದಂಡಿಗೆ ಒಪ್ಪಿಸುತ್ತ ಹೋದ ಅವರ ನಿಷ್ಠೆ ಎಷ್ಟು ವರ್ಷ ಬಾಳೀತು?

ಇಲ್ಲಿ ಥಾಮಸ್ ಜೋನ್ಸ್ ಎಂಬವರ ಸಾಕ್ಷ್ಯ ಬಹು ಮುಖ್ಯ. ಅವರು ಪ್ರಾಂತದ ಸರ್ವೋಚ್ಚ ನ್ಯಾಯಾಲಯದ ನ್ಯಾಯಾಧೀಶರು, ಕಟ್ಟಾ ರಾಜನಿಷ್ಠರು, ದಂಗೆಕೋರರ ಕೈಗೆ ಸೆರೆ ಸಿಕ್ಕು ಬಿಡುಗಡೆಯಾದವರು. ಇಂಗ್ಲೆಂಡಿನ ಗಡೀಪಾರಿನಲ್ಲಿ ಅವರು ಬರೆದಿಟ್ಟ ಯುದ್ಧಕಾಲದ ಇತಿಹಾಸ ಅಚ್ಚಾದದ್ದು 1879ರಲ್ಲಿ. ಅದರ ಸಿಟ್ಟೆಲ್ಲ ವಾಷಿಂಗ್ಟನ್ ಮೇಲಿರಬಹುದು ಎಂದುಕೊಂಡು ತೆರೆದವರಿಗೆ ಆಶ್ಚರ್ಯ ಕಾದಿದೆ. ಬೆಂಕಿಯ ಮಾತುಗಳು ಮೀಸಲಾಗಿರುವುದು ಅರಸನ ಸೇನೆಯ ಸರಬರಾಜು ನೋಡುತ್ತಿದ್ದ ಕಮಿಸರಿಗಳಿಗೆ, ಬ್ಯಾರಕ್ ಮಾಸ್ಟರುಗಳಿಗೆ, ಕ್ವಾರ್ಟರ್‌ಮಾಸ್ಟರುಗಳಿಗೆ. ಜೋನ್ಸ್ ಪಕ್ಷಪಾತಿ, ಕಹಿ ಮನಸ್ಸಿನವರು, ಉತ್ಪ್ರೇಕ್ಷೆ ಅವರ ಸ್ವಭಾವ. ಅದನ್ನೆಲ್ಲ ಕಳೆದರೂ ಉಳಿಯುವ ಸತ್ಯ ಸಾಕಷ್ಟಿದೆ. ಸೇನೆಗೆ ಗಾಡಿಗಳನ್ನು ಬಾಡಿಗೆಗೆ ಗೊತ್ತುಮಾಡುವ ಅಧಿಕಾರಿಯೇ ಬೇರೆಯವರ ಮರೆಯಲ್ಲಿ ಆ ಗಾಡಿಗಳ ಒಡೆಯ. ಬಾಡಿಗೆ ಎಷ್ಟೆಂದು ತೀರ್ಮಾನಿಸುವವನೂ ಅವನೇ, ಪಡೆಯುವವನೂ ಅವನೇ. ಗಾಡಿ ಕೆಲಸವಿಲ್ಲದೆ ನಿಂತಿದ್ದರೂ ಬಾಡಿಗೆ ನಡೆಯುತ್ತಿತ್ತು. ಪಾರ್ಲಿಮೆಂಟಿನ ಲೆಕ್ಕ ತನಿಖಾ ಆಯುಕ್ತರು 1780ರ ದಶಕದ ಆರಂಭದಲ್ಲಿ ಈ ಕಡತ ಕೆದಕಿದರು. ಸರಬರಾಜಿನ ಬಗ್ಗೆ ಇತ್ತೀಚೆಗೆ ನಡೆದ ಅಧ್ಯಯನಗಳೂ ಜೋನ್ಸ್ ಹೇಳಿದ್ದರ ತಿರುಳನ್ನು ಒಪ್ಪುತ್ತವೆ. ಯುದ್ಧ ಬೇಗ ಮುಗಿದರೆ ನಷ್ಟವಾಗುವ ಒಂದು ಅಧಿಕಾರಿವರ್ಗ ಗೆಲ್ಲಬೇಕಾದ ಸೇನೆಯ ಹೊಟ್ಟೆಯೊಳಗೇ ಬೆಳೆದಿತ್ತು.

ಆ ಅಧಿಕಾರಿಗಳನ್ನು ಕೇವಲ ದುರಾಸೆಯವರೆಂದು ತಳ್ಳಿಹಾಕುವುದು ಸುಲಭ. ವ್ಯವಸ್ಥೆಯೇ ಅವರನ್ನು ಹಾಗೆ ಬೆಳೆಸಿತು ಎಂಬುದನ್ನೂ ಹೇಳಬೇಕು. ದಂಡಿನ ಆಹಾರದ ಬಹುಪಾಲು ಐರ್ಲೆಂಡಿನ ಕಾರ್ಕ್ ಬಂದರಿನಿಂದ ಅಟ್ಲಾಂಟಿಕ್ ದಾಟಿ ಬರಬೇಕಿತ್ತು. ಹಡಗು ತಡವಾದರೆ ಉಪವಾಸ. ಸುತ್ತಲಿನ ಹಳ್ಳಿಗಳಿಂದ ತರಬೇಕೆಂದರೆ ಒಂದೋ ದುಡ್ಡು ಸುರಿಯಬೇಕು, ಇಲ್ಲವೇ ಬಂದೂಕು ಹಿಡಿದು ಹೋಗಬೇಕು. 1776ರ ಕೊನೆಗೆ ನ್ಯೂಜೆರ್ಸಿಯಲ್ಲಿ ಸಾವಿರಾರು ಜನ ಅರಸನ ಕ್ಷಮಾಪತ್ರ ಪಡೆದರು. ಮೇವು ಹುಡುಕಿ ಬಂದ ಸೈನಿಕರು ಆ ಪತ್ರಕ್ಕೆ ಬೆಲೆ ಕೊಡಲಿಲ್ಲ. ಪತ್ರ ಪಡೆದವರಲ್ಲಿ ಅನೇಕರು ಚಳಿಗಾಲ ಮುಗಿಯುವಷ್ಟರಲ್ಲಿ ದಂಗೆಯ ಕಡೆ ಹೊರಳಿದರು. ಹೀಗೆ ಒಂದು ಊರನ್ನು ಹಿಡಿದಿಟ್ಟುಕೊಳ್ಳುವ ವೆಚ್ಚವೇ ಸುತ್ತಲ ನಾಡು ಕೈತಪ್ಪಲು ಕಾರಣವಾಯಿತು.

ಸೆರೆಯಾಳುಗಳ ವಿಚಾರದಲ್ಲಿ ಕಾನೂನಿನ ಇಬ್ಬಂದಿತನ ಪ್ರಾಣಕ್ಕೇ ಎರವಾಯಿತು. 1776ರ ನವೆಂಬರ್ 16ರಂದು ವಾಷಿಂಗ್ಟನ್ ಕೋಟೆ ಬಿದ್ದಾಗ ಒಂದೇ ದಿನ ಸುಮಾರು 2,800 ಮಂದಿ ಸೆರೆಸಿಕ್ಕರು. ಅವರನ್ನು ಯುದ್ಧಕೈದಿಗಳೆಂದರೆ ಎದುರಿಗಿರುವುದು ಒಂದು ರಾಷ್ಟ್ರ ಎಂದು ಒಪ್ಪಿದಂತೆ. ದ್ರೋಹಿಗಳೆಂದು ಗಲ್ಲಿಗೇರಿಸಿದರೆ ಅತ್ತ ಬ್ರಿಟಿಷ್ ಕೈದಿಗಳ ಕುತ್ತಿಗೆಗೂ ಹಗ್ಗ. ಎರಡನ್ನೂ ಮಾಡದೆ ಕೂಡಿಹಾಕಿದರು. ಡಚ್ ಮತ್ತು ಪ್ರೆಸ್ಬಿಟೇರಿಯನ್ ಚರ್ಚುಗಳು, ಸಕ್ಕರೆ ಕಾರ್ಖಾನೆಗಳು ಸೆರೆಮನೆಗಳಾದವು. ಡಚ್ಚರ ಒಂದು ಚರ್ಚು ಸೆರೆಮನೆಯಾಗಿದ್ದು ಆಮೇಲೆ ಕುದುರೆ ಸವಾರಿ ಶಾಲೆಯಾಯಿತು. ಆಂಗ್ಲಿಕನ್ ಚರ್ಚುಗಳಿಗೆ ಈ ಗತಿ ಬರಲಿಲ್ಲ. ಈ ಭೇದವನ್ನು ಊರು ಮರೆಯಲಿಲ್ಲ. ಬ್ರೂಕ್ಲಿನ್ ದಡದ ವಾಲಬೌಟ್ ಕೊಲ್ಲಿಯಲ್ಲಿ ಲಂಗರು ಹಾಕಿದ್ದ ಸೆರೆಹಡಗುಗಳಲ್ಲಿ ‘ಜೆರ್ಸಿ’ ಕುಖ್ಯಾತವಾದದ್ದು. ಒಂದೊಂದು ಸಮಯ ಸಾವಿರಕ್ಕೂ ಹೆಚ್ಚು ಜನರನ್ನು ಅದರೊಳಗೆ ತುಂಬುತ್ತಿದ್ದರು. ಆ ಹಡಗುಗಳಲ್ಲಿ ಸತ್ತವರು 11,000ಕ್ಕೂ ಹೆಚ್ಚು ಎಂಬುದು ಬಹುಕಾಲದಿಂದ ಬಂದ ಅಂದಾಜು. ಅಮೆರಿಕದ ಕಡೆ ಇಡೀ ಯುದ್ಧದಲ್ಲಿ ರಣರಂಗದಲ್ಲಿ ಬಿದ್ದವರ ಸಂಖ್ಯೆ ಇದಕ್ಕಿಂತ ಕಡಿಮೆ.

ನ್ಯೂಯಾರ್ಕ್ ಬಂದರಿನ ಸೆರೆಹಡಗಿನಲ್ಲಿ 1780ರಲ್ಲಿ ನರಳಿದವರಲ್ಲಿ ಕವಿ ಫಿಲಿಪ್ ಫ್ರೆನೊ ಒಬ್ಬರು. ಅವರೇ ಎರಡು ವರ್ಷದ ನಂತರ ಒಂದು ನೌಕೆಯ ಗೆಲುವನ್ನು ಹಾಡಿದರು. 1782ರ ಏಪ್ರಿಲ್ 8ರಂದು ಡೆಲವೇರ್ ಕೊಲ್ಲಿಯಲ್ಲಿ, ತನಗಿಂತ ಬಲವಾದ ‘ಜನರಲ್ ಮಾಂಕ್’ ಎಂಬ ಬ್ರಿಟಿಷ್ ನೌಕೆಯನ್ನು ಸೆರೆಹಿಡಿದ ಪೆನ್ಸಿಲ್ವೇನಿಯಾದ ನೌಕೆ ಅದು. ಹೆಸರು ‘ಹೈದರ್ ಅಲಿ’. 1780ರ ಪೊಳ್ಳಿಲೂರಿನ ಕದನದಲ್ಲಿ ಮೈಸೂರಿನ ಹೈದರನಿಂದ ಈಸ್ಟ್ ಇಂಡಿಯಾ ಕಂಪನಿಯ ಸೇನೆಗೆ ಬಿದ್ದ ಪೆಟ್ಟಿನ ಸುದ್ದಿ ಅಷ್ಟು ದೂರ ಮುಟ್ಟಿತ್ತು. ನಮ್ಮ ನಾಡಿನ ಕಡೆಯಿಂದ ನೋಡಿದರೆ ಇನ್ನೊಂದು ಕೊಂಡಿ ಕಾಣುತ್ತದೆ. ಲಾಂಗ್ ಐಲೆಂಡಿನಲ್ಲಿ ವಾಷಿಂಗ್ಟನ್ನರನ್ನು ಅಟ್ಟಿದ ದಳಪತಿಗಳಲ್ಲಿ ಒಬ್ಬನಾದ ಕಾರ್ನ್‌ವಾಲಿಸನೇ 1791ರ ಮಾರ್ಚ್ 21ರಂದು ಬೆಂಗಳೂರಿನ ಕೋಟೆಯನ್ನು ಹಿಡಿದವನು. ಮೈಸೂರಿನ ವಿರುದ್ಧದ ಆ ಯುದ್ಧದಲ್ಲಿ ಅವನ ಜೊತೆಗಿದ್ದ ಮೆಡೋಸ್ ಮತ್ತು ಕೊಡಗಿನ ದಾರಿಯಾಗಿ ಬಂದ ಅಬರ್‌ಕ್ರಾಂಬಿ ಕೂಡ ಅಮೆರಿಕದಲ್ಲಿ ಕಾದಾಡಿದವರೇ. ಅದೇ ವರ್ಷದ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣದ ಹೊಸ್ತಿಲಿನಿಂದ ಕಾರ್ನ್‌ವಾಲಿಸ್ ಹಿಂದಿರುಗಿದ್ದು ಮೇವಿಲ್ಲದೆ, ಎಳೆಯುವ ಎತ್ತುಗಳಿಲ್ಲದೆ. ಮುತ್ತಿಗೆ ಫಿರಂಗಿಗಳನ್ನು ತಾನೇ ಒಡೆದುಹಾಕಿ. ಗಾಡಿ, ಮೇವುಗಳ ಲೆಕ್ಕ ಅವನಿಗೆ ಹೊಸದಾಗಿರಲಿಲ್ಲ.

ಊರಿನ ನಿತ್ಯಜೀವನ ಮಾತ್ರ ನಿಂತಿರಲಿಲ್ಲ. ಜಾನ್ ಬೀದಿಯ ನಾಟಕಶಾಲೆಯಲ್ಲಿ ಸೇನಾಧಿಕಾರಿಗಳೇ ಬಣ್ಣ ಹಚ್ಚುತ್ತಿದ್ದರು. ರಿವಿಂಗ್ಟನ್ನನ ‘ರಾಯಲ್ ಗೆಜೆಟ್’ ಪತ್ರಿಕೆ ದಂಗೆಕೋರರನ್ನು ಜರೆಯುತ್ತಿತ್ತು. ಕದ್ದ ವ್ಯಾಪಾರ ಗಡಿ ದಾಟಿ ನಡೆಯುತ್ತಿತ್ತು: ಒಳಗಿನಿಂದ ಇಂಗ್ಲೆಂಡಿನ ಬಟ್ಟೆ, ಹೊರಗಿನಿಂದ ದನದ ಮಾಂಸ ಮತ್ತು ದವಸ. ದಂಡಿನ ಹೊಟ್ಟೆ ತುಂಬಬೇಕಾದರೆ ಗಡಿಯ ಬಾಗಿಲು ಪೂರಾ ಮುಚ್ಚುವಂತಿರಲಿಲ್ಲ. ಅದೇ ಬಾಗಿಲಿನಲ್ಲಿ ಗೂಢಚಾರರೂ ಓಡಾಡಿದರು. ಊರಿನ ವರ್ತಕ ರಾಬರ್ಟ್ ಟೌನ್ಸೆಂಡ್ ವಾಷಿಂಗ್ಟನ್ನರಿಗೆ ಸುಳ್ಳು ಹೆಸರಿನಲ್ಲಿ ಪತ್ರ ಬರೆಯುತ್ತಿದ್ದ ಸಂಗತಿ 20ನೆಯ ಶತಮಾನದಲ್ಲಿ ಕೈಬರಹ ಹೋಲಿಸಿ ನೋಡಿದ ಮೇಲೆಯೇ ತಿಳಿದದ್ದು.

ಈವರೆಗೆ ಸೇನಾಡಳಿತದ ಕೆಡುಕನ್ನೇ ಹೇಳಿದೆ. ನನ್ನ ವಾದಕ್ಕೆ ತೊಡಕಾಗುವ ಒಂದು ಭಾಗವಿದೆ. ಅದನ್ನು ಮರೆಮಾಚಿದರೆ ಇತಿಹಾಸಕ್ಕೆ ಅನ್ಯಾಯ. 1779ರ ಜೂನ್ 30ರಂದು ದಂಡನಾಯಕ ಹೆನ್ರಿ ಕ್ಲಿಂಟನ್ ಫಿಲಿಪ್ಸ್‌ಬರ್ಗಿನಿಂದ ಒಂದು ಘೋಷಣೆ ಹೊರಡಿಸಿದರು. ದಂಗೆಕೋರರ ಗುಲಾಮರು ಬ್ರಿಟಿಷ್ ಗಡಿಯೊಳಕ್ಕೆ ಬಂದರೆ ಯಾರೂ ಅವರ ಮೇಲೆ ಹಕ್ಕು ಸಾಧಿಸುವಂತಿಲ್ಲ, ಅವರು ತಮಗೆ ಬೇಕಾದ ಉದ್ಯೋಗ ಹಿಡಿಯಬಹುದು. ಇದು ಕರುಣೆಯಲ್ಲ, ಶತ್ರುವಿನ ದುಡಿಮೆ ಕಸಿಯುವ ತಂತ್ರ. ರಾಜನಿಷ್ಠರ ಗುಲಾಮರು ಗುಲಾಮರಾಗಿಯೇ ಉಳಿದರು, ಪತ್ರಿಕೆಗಳಲ್ಲಿ ಮಾರಾಟದ ಜಾಹೀರಾತುಗಳೂ ನಿಲ್ಲಲಿಲ್ಲ. ಆದರೂ ವರ್ಜೀನಿಯಾದಿಂದ, ಕ್ಯಾರೊಲಿನಾಗಳಿಂದ, ಪಕ್ಕದ ನ್ಯೂಜೆರ್ಸಿಯಿಂದ ಸಾವಿರಾರು ಕಪ್ಪು ಜನ ಈ ಊರನ್ನು ಹುಡುಕಿಕೊಂಡು ಬಂದರು. ಗಾಡಿ ಹೊಡೆದರು, ಬಟ್ಟೆ ಒಗೆದರು, ಕೋಟೆ ಕಟ್ಟಿದರು, ಬಂದೂಕು ಹಿಡಿದರು. ವಾಷಿಂಗ್ಟನ್ನರ ಮೌಂಟ್ ವೆರ್ನನ್ ಎಸ್ಟೇಟಿನಿಂದ ತಪ್ಪಿಸಿಕೊಂಡಿದ್ದ ಹ್ಯಾರಿ ವಾಷಿಂಗ್ಟನ್ ಕೂಡ ಇಲ್ಲಿದ್ದ.

ಶಾಂತಿ ಒಪ್ಪಂದ ಬಂದಾಗ ಇವರ ಎದೆ ಒಡೆಯಿತು. ಅಮೆರಿಕನ್ನರ ಗುಲಾಮರನ್ನು ಬ್ರಿಟಿಷರು ಒಯ್ಯಬಾರದು ಎಂದು ಅದರ 7ನೆಯ ವಿಧಿ ಹೇಳುತ್ತಿತ್ತು. ಒಡೆಯರು ಊರಿನ ಬೀದಿಗಳಿಗೇ ಬಂದು ಹಿಡಿಯತೊಡಗಿದಾಗ ತಮಗೆ ನಿದ್ರೆ ಊಟ ಸೇರದಂತಾಯಿತೆಂದು, ದಕ್ಷಿಣ ಕ್ಯಾರೊಲಿನಾದಿಂದ ಬಂದಿದ್ದ ಬೋಸ್ಟನ್ ಕಿಂಗ್ ತನ್ನ ಆತ್ಮಕಥೆಯಲ್ಲಿ ಬರೆದಿದ್ದಾನೆ. 1783ರ ಮೇ 6ರಂದು ಟಾಪನ್ ಎಂಬಲ್ಲಿ ವಾಷಿಂಗ್ಟನ್ನರು ಕಾರ್ಲ್‌ಟನ್ನರನ್ನು ಭೇಟಿಯಾಗಿ ಈ ವಿಧಿಯನ್ನು ನೆನಪಿಸಿದರು. ಘೋಷಣೆ ನಂಬಿ ಒಪ್ಪಂದಕ್ಕೆ ಮೊದಲೇ ಬಂದವರು ಆಗಲೇ ಸ್ವತಂತ್ರರು, ಅವರು ಯಾರ ಆಸ್ತಿಯೂ ಅಲ್ಲ, ಕೊಟ್ಟ ಮಾತನ್ನು ಮುರಿಯಲಾರೆ ಎಂದು ಕಾರ್ಲ್‌ಟನ್ ಪಟ್ಟು ಹಿಡಿದರು. ಕಮಾಂಡೆಂಟ್ ಸ್ಯಾಮ್ಯುಯೆಲ್ ಬರ್ಚ್ ಸಹಿಯ ಪ್ರಮಾಣಪತ್ರ ಪಡೆದ ಸುಮಾರು 3,000 ಜನರ ಹೆಸರು, ವಯಸ್ಸು, ಹಳೆಯ ಒಡೆಯನ ವಿವರಗಳನ್ನು ಒಂದು ದಾಖಲೆ ಪುಸ್ತಕದಲ್ಲಿ ಬರೆದು, ಹಡಗು ಹತ್ತಿಸಿ ನೋವಾ ಸ್ಕೋಷಿಯಾಕ್ಕೆ ಕಳಿಸಿದರು. ವಿಚಿತ್ರವನ್ನು ಗಮನಿಸಬೇಕು: ಊರಿನಲ್ಲಿ ನಾಗರಿಕ ನ್ಯಾಯಾಲಯಗಳು ಮತ್ತೆ ತೆರೆದಿದ್ದರೆ ಈ ಜನರಲ್ಲಿ ಬಹುಪಾಲು ಆಸ್ತಿಯ ವ್ಯಾಜ್ಯವಾಗಿ ಒಡೆಯರ ಕೈ ಸೇರುತ್ತಿದ್ದರು. ರಾಜನಿಷ್ಠ ಬಿಳಿಯನನ್ನು ಅತಂತ್ರ ಮಾಡಿದ ಸೇನೆಯ ಆಜ್ಞೆಯೇ ಕಪ್ಪು ನಿರಾಶ್ರಿತನ ಕೈಗೆ ಬಿಡುಗಡೆಯ ಕಾಗದ ಕೊಟ್ಟಿತು. ಅರಸನ ಕಾನೂನಾಗಲಿ ಗಣರಾಜ್ಯದ ಕಾನೂನಾಗಲಿ ಅದನ್ನು ಕೊಡುವ ಸ್ಥಿತಿಯಲ್ಲಿರಲಿಲ್ಲ.

1783ರ ನವೆಂಬರ್ 25ರಂದು ದಂಡು ಊರು ಬಿಟ್ಟಿತು. ಆ ಹೊತ್ತಿಗೆ ಸುಮಾರು 30,000 ರಾಜನಿಷ್ಠರು ಹಡಗು ಹತ್ತಿದ್ದರು. ಓಡಿಹೋಗಿದ್ದವರು ಮರಳಿ ತಮ್ಮ ಮನೆಗಳ ಬಾಗಿಲಲ್ಲಿ ಬಂದು ನಿಂತರು. ಆಗ ಏಳು ವರ್ಷ ಮುಂದೂಡಿದ್ದ ಪ್ರಶ್ನೆ ನ್ಯಾಯಾಲಯಕ್ಕೆ ಬಂತು. ವಿಧವೆ ಎಲಿಜಬೆತ್ ರಟ್ಗರ್ಸ್ ಅವರ ಬಿಯರ್ ಭಟ್ಟಿ ಮೇಡನ್ ಲೇನಿನಲ್ಲಿತ್ತು. ಆಕೆ 1776ರಲ್ಲಿ ಊರು ಬಿಟ್ಟಿದ್ದರು. 1778ರಿಂದ ಬ್ರಿಟಿಷ್ ವರ್ತಕರು ಅದನ್ನು ನಡೆಸಿದರು: ಮೊದಲು ಕಮಿಸರಿಯ ಪರವಾನಗಿಯಿಂದ ಬಾಡಿಗೆಯಿಲ್ಲದೆ, 1780ರ ನಂತರ ದಂಡನಾಯಕನ ಅಧಿಕಾರದಡಿ ವರ್ಷಕ್ಕೆ 150 ಪೌಂಡ್ ಬಾಡಿಗೆ ಕೊಟ್ಟು. ಆ ಬಾಡಿಗೆ ಹೋಗುತ್ತಿದ್ದದ್ದು ನಾನು ಆಗ ಹೇಳಿದ ಬಡವರ ವೆಸ್ಟ್ರಿಗೆ. ರಾಜ್ಯದ ಹೊಸ ಅತಿಕ್ರಮ ಕಾಯಿದೆಯ ಪ್ರಕಾರ ಸೇನೆಯ ಆಜ್ಞೆಯಿತ್ತು ಎಂದು ಪ್ರತಿವಾದಿ ಹೇಳುವಂತೆಯೇ ಇರಲಿಲ್ಲ. ಆಕೆ 8,000 ಪೌಂಡ್ ಕೇಳಿದರು. ಪ್ರತಿವಾದಿ ಜೋಷುವಾ ವಾಡಿಂಗ್ಟನ್ ಪರ ನಿಂತ ವಕೀಲ ಅಲೆಗ್ಸಾಂಡರ್ ಹ್ಯಾಮಿಲ್ಟನ್, 1776ರಲ್ಲಿ ಇದೇ ಊರಿನ ರಕ್ಷಣೆಗೆ ಫಿರಂಗಿ ದಳದ ಕ್ಯಾಪ್ಟನ್ ಆಗಿ ಹೋರಾಡಿದವರು.

ಹ್ಯಾಮಿಲ್ಟನ್ ಆಧಾರ ಮಾಡಿಕೊಂಡದ್ದು ರಾಷ್ಟ್ರಗಳ ನಡುವಣ ಕಾನೂನನ್ನು. ಯುದ್ಧದಲ್ಲಿ ಊರು ಹಿಡಿದ ಸೇನೆಗೆ ಅಲ್ಲಿನ ಸ್ಥಿರಾಸ್ತಿಯನ್ನು ಬಳಸುವ ಹಕ್ಕಿದೆ, ಶಾಂತಿ ಒಪ್ಪಂದ ಆ ಲೆಕ್ಕವನ್ನು ಚುಕ್ತಾ ಮಾಡಿದೆ, ರಾಜ್ಯದ ಕಾಯಿದೆ ಅದನ್ನು ಮೀರಲಾಗದು ಎಂದು ವಾದಿಸಿದರು. ಇದರಲ್ಲಿ ಒಂದು ವ್ಯಂಗ್ಯವಿದೆ. ಬ್ರಿಟನ್ ಏಳು ವರ್ಷ ಒಪ್ಪದೆ ಹೋದದ್ದನ್ನು, ಅಂದರೆ ಅದು ಎರಡು ರಾಷ್ಟ್ರಗಳ ಯುದ್ಧ, ನ್ಯೂಯಾರ್ಕ್ ಹಿಡಿದ ಊರು ಎಂಬುದನ್ನು, ಬ್ರಿಟಿಷ್ ವರ್ತಕನನ್ನು ಉಳಿಸಲು ಅಮೆರಿಕದ ವಕೀಲ ಅಮೆರಿಕದ ನ್ಯಾಯಾಲಯದಲ್ಲಿ ಸ್ಥಾಪಿಸಬೇಕಾಯಿತು.

1784ರ ಆಗಸ್ಟಿನಲ್ಲಿ ಮೇಯರ್ ಜೇಮ್ಸ್ ಡ್ವೇನ್ ಅವರ ನ್ಯಾಯಾಲಯ ಅವಧಿಯನ್ನು ಎರಡಾಗಿ ಕತ್ತರಿಸಿತು. ದಂಡನಾಯಕ ಕೊಟ್ಟ ಅಧಿಕಾರ ಯುದ್ಧದ ಕಾನೂನಿಗೆ ಸೇರಿದ್ದು. 1780ರ ನಂತರದ ಬಳಕೆಗೆ ಪರಿಹಾರವಿಲ್ಲ. ಕಮಿಸರಿಗೆ ಅಂಥ ಅಧಿಕಾರ ಇರಲಿಲ್ಲ. ಮೊದಲ ವರ್ಷಗಳಿಗೆ ಪರಿಹಾರ ಕೊಡಬೇಕು. ಜೋನ್ಸ್ ಯಾರ ಮೇಲೆ ಕೆಂಡ ಕಾರಿದ್ದರೋ ಆ ಕಮಿಸರಿಗಳ ಕಾಗದಕ್ಕೆ ಕಾನೂನಿನಲ್ಲಿ ಬೆಲೆಯಿಲ್ಲ ಎಂದು ಅವರು ದ್ವೇಷಿಸುತ್ತಿದ್ದ ಗಣರಾಜ್ಯದ ನ್ಯಾಯಾಲಯವೇ ಹೇಳಿತು. ಜ್ಯೂರಿ ಕೊಡಿಸಿದ್ದು ಸುಮಾರು 800 ಪೌಂಡ್. ಎರಡು ಕಡೆಯವರಿಗೂ ಅದು ಒಪ್ಪಿಗೆಯಾಗಲಿಲ್ಲ, ರಾಜ್ಯದ ಶಾಸನಸಭೆ ತೀರ್ಪನ್ನು ಖಂಡಿಸಿ ನಿರ್ಣಯ ಮಾಡಿತು. ಮೇಲಿನ ನ್ಯಾಯಾಲಯ ಈ ಪ್ರಶ್ನೆಯನ್ನು ವಿಚಾರಿಸುವ ಮೊದಲೇ ರಟ್ಗರ್ಸ್ ಮತ್ತು ವಾಡಿಂಗ್ಟನ್ ಹೊರಗೆ ರಾಜಿಯಾದರು.